ಕಿವುಡ, ಮರೆಗುಳಿ ಮತ್ತು ಗಿಡ್ಡಮ್ಮನ ಸೋಬಾನೆ

ಬಹಳ ಹಿಂದಿನ ಮಾತಲ್ಲ, ಏಳು ಸಮುದ್ರದಾಚೆಯ ಊರೂ ಅಲ್ಲ. ಅರಸೀಕೆರೆಯಲ್ಲಿ, ರೈಲ್ವೆ ಗೇಟಿನ ಈಚೆಗೆ, ಒಂದು ತಾರಸಿ ಮನೆಯ ಒಳಕೋಣೆಯಲ್ಲಿ ಒಬ್ಬ ಕಿವುಡನೂ ಒಬ್ಬ ಮರೆಗುಳಿಯೂ ವಾಸವಾಗಿದ್ದರು. ಕಿವುಡನಿಗೆ ಕೇಳಿಸಿದ್ದೆಲ್ಲ ಜನ್ಮಪೂರ್ತಿ ನೆನಪಿರುತ್ತಿತ್ತು, ಆದರೆ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮರೆಗುಳಿಗೆ ಇರುವೆ ಹೆಜ್ಜೆ ಇಟ್ಟರೂ ಕೇಳಿಸುತ್ತಿತ್ತು, ಆದರೆ ಮರುಗಳಿಗೆಗೆ ಒಂದೂ ನೆನಪಿರುತ್ತಿರಲಿಲ್ಲ. ಇಬ್ಬರನ್ನೂ ಒಂದು ದಾರದಿಂದ ಕಟ್ಟಿಬಿಟ್ಟರೆ ಪೂರ್ತಿ ಮನುಷ್ಯನೊಬ್ಬ ಆಗುತ್ತಾನೆಂದು ಆ ಮನೆಯ ಯಜಮಾನನಿಗೆ ಹೊಳೆಯಿತು. ತೊಂದರೆ ಶುರುವಾದದ್ದು ಅಲ್ಲಿಂದ.

ಕತೆಗಳಲ್ಲಿ ರಾಜಕುಮಾರ ಇರಬೇಕಾದ ಜಾಗದಲ್ಲಿ ಇಲ್ಲಿ ಧರ್ಮೇಶ್ ಇದ್ದ. ಪದವಿಪೂರ್ವ ಕಾಲೇಜಿನಲ್ಲಿ ಗ್ರಂಥಪಾಲಕ. ಯಾರು ಜೋರಾಗಿ ಮಾತಾಡಿದರೂ ತುಟಿಗೆ ಬೆರಳಿಡುವ ಕೆಲಸ. ಮನೆಯಲ್ಲಿ ಮಾತ್ರ ಆ ಬೆರಳಿಗೆ ಬೆಲೆಯಿರಲಿಲ್ಲ. ಕಿವುಡ ಎಂದರೆ ಅವನ ಹಳೆಯ ಕಂಪ್ಯೂಟರು. ಅದಕ್ಕೆ ನೇರವಾಗಿ ಮೈಕು ಚುಚ್ಚಿದರೆ ಹಾಡಿನ ಬದಲು ಒಗ್ಗರಣೆಗೆ ಸಾಸಿವೆ ಬಿದ್ದ ಸದ್ದೇ ಕೇಳಿಸುತ್ತಿತ್ತು. ಮರೆಗುಳಿ ಎಂದರೆ ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರ್. ಧರ್ಮೇಶ್ ಮೈಸೂರಿನಲ್ಲಿ ಓದುವಾಗ ಇದ್ದ ಹಾಡಿನ ತಂಡ ಚೆದುರಿಹೋದ ಮೇಲೆ, ಒಬ್ಬನಿಗೆ ತಮಟೆ, ಇನ್ನೊಬ್ಬನಿಗೆ ಬ್ಯಾನರು, ಇವನ ಪಾಲಿಗೆ ಈ ಪೆಟ್ಟಿಗೆ ಬಂದಿತ್ತು. ಅದರಲ್ಲಿ ಹಾಡು ಉಳಿಸಿಕೊಳ್ಳುವ ಭಾಗ ಎಂದೋ ಕೆಟ್ಟುಹೋಗಿತ್ತು. ಆದರೆ ಮೈಕಿನಿಂದ ಬಂದ ದನಿಯನ್ನು ಅಂಕಿಗಳಾಗಿ ಬದಲಾಯಿಸಿ ಹೊರಗೆ ಕಳಿಸುವ ಭಾಗ ಹೊಸ ಮದುಮಗನಷ್ಟು ಚುರುಕಾಗಿತ್ತು. ಅಟ್ಟದಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಅದನ್ನು ಹಳೇ ಸಾಮಾನಿನವನಿಗೆ ಹಾಕಲು ಹೆಂಡತಿ ಯಶೋಧರಾ ಹೊರಟಾಗಲೆಲ್ಲ ಧರ್ಮೇಶ್, ಅದು ಒಂದಲ್ಲ ಒಂದು ದಿನ ಕೆಲಸಕ್ಕೆ ಬರುತ್ತದೆ ಎನ್ನುತ್ತಿದ್ದ.

ಆ ದಿನ ಬಂದಿತ್ತು. ಬೇಲೂರಿನಲ್ಲಿ ಅವನ ಅಕ್ಕನ ಮಗಳು ಇಂದುವಿನ ಮದುವೆ. ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ ಆಗುವ ಮದುವೆ ನಾಳೆ ಬೆಳಿಗ್ಗೆ. ಆದರೆ ಹಿಂದಿನ ಸಂಜೆ ಹುಡುಗಿಯನ್ನು ಹಸೆಮಣೆಯ ಮೇಲೆ ಕೂರಿಸಿ ಅರಿಶಿನ ಹಚ್ಚಿ ಸೋಬಾನೆ ಹೇಳುವುದನ್ನು ಮಾತ್ರ ಆ ಮನೆತನ ಬಿಟ್ಟಿರಲಿಲ್ಲ. ಆ ಮನೆತನದ ಎಲ್ಲ ಹೆಣ್ಣುಮಕ್ಕಳಿಗೂ ಹಸೆ ಪದ ಹೇಳಿದವಳು ಧರ್ಮೇಶನ ತಾಯಿ ಗಿಡ್ಡಮ್ಮ. ಈ ಸಲ ಗಿಡ್ಡಮ್ಮನ ಮಂಡಿಗೆ ಆಪರೇಷನ್ ಆಗಿತ್ತು. ಡಾಕ್ಟರು ಪ್ರಯಾಣ ಬೇಡವೆಂದೇನೂ ಅಂದಿರಲಿಲ್ಲ. ವಾಕರ್ ಹಿಡಿದುಕೊಂಡು ಬೀಗರೆದುರಿಗೆ ಏಡಿಯಂತೆ ನಡೆಯುವುದಕ್ಕೆ ಗಿಡ್ಡಮ್ಮನೇ ಒಪ್ಪಿರಲಿಲ್ಲ. ಡಾಕ್ಟರು ಬೇಡವೆಂದರೆಂದು ಅಕ್ಕನಿಗೆ ಹೇಳುವಂತೆ ಮಗನಿಗೆ ಅಪ್ಪಣೆ ಮಾಡಿದ್ದಳು. ಅವನು ಹಾಗೆಯೇ ಹೇಳಿದ್ದ.

ಮದುಮಗಳು ಇಂದು ಫೋನಿನಲ್ಲಿ ಅತ್ತಿರಲಿಲ್ಲ, ಜಗಳವನ್ನೂ ಆಡಿರಲಿಲ್ಲ. “ಮಾವ, ಅಜ್ಜಿ ದನಿ ಕೇಳಿಸ್ದೆ ನಾನು ಹಸೆ ಮೇಲೆ ಕೂರಲ್ಲ. ಏನ್ ಮಾಡ್ತೀರೋ ನಿಮಗೆ ಬಿಟ್ಟಿದ್ದು” ಎಂದಿದ್ದಳು ಅಷ್ಟೇ. ಹಟಕ್ಕೆ ಅಜ್ಜಿಯ ಮೊಮ್ಮಗಳೇ. ಧರ್ಮೇಶ್ ಮಾತು ಕೊಟ್ಟುಬಿಟ್ಟ: ಸಂಜೆಯೊಳಗೆ ಅಜ್ಜಿಯ ದನಿ ಬೇಲೂರು ತಲುಪುತ್ತದೆ, ಪಕ್ಕದಲ್ಲಿ ಕೂತು ಹಾಡಿದ ಹಾಗೇ ಇರುತ್ತದೆ.

ಫೋನಿನಲ್ಲೇ ಹಾಡಿಸಿ ಕಳಿಸಿಬಿಡಬಾರದೇ ಎಂದು ಯಶೋಧರಾ ಕೇಳಿದಳು. ಫೋನು ಅಮ್ಮನ ದನಿಯನ್ನು ಹಿಂಡಿ ಸಿಪ್ಪೆ ಮಾಡಿ ಕೊಡುತ್ತದೆ, ಛತ್ರದ ದೊಡ್ಡ ಸ್ಪೀಕರಿನಲ್ಲಿ ಹಾಕಿದರೆ ತಗಡಿನ ಮೇಲೆ ಕಲ್ಲು ಉಜ್ಜಿದಂತಿರುತ್ತದೆ ಎಂದು ಧರ್ಮೇಶ್ ವಿವರಿಸಿದ. ಆಮೇಲೆ ಮರೆಗುಳಿಯ ಬೆನ್ನಿನಿಂದ ಕಿವುಡನ ಬೆನ್ನಿಗೆ ಒಂದು ಸಣ್ಣ ತಂತಿ ಎಳೆದು, ಅದರ ತುದಿಯಲ್ಲಿ ಮಿಣುಗುವ ಕೆಂಪು ಬೆಳಕನ್ನು ಅವಳಿಗೆ ತೋರಿಸಿದ. ಅಮ್ಮನ ಹಾಡು ಇದರೊಳಗೆ ಬೆಳಕಾಗಿ ಹರಿದುಹೋಗುತ್ತದೆ ಎಂದ. ಹರಿದುಹೋಗಲಿ, ಅಡಿಗೆ ಹೊತ್ತಿಗೆ ಮುಗಿದರೆ ಸಾಕು ಎಂದು ಅವಳು ಒಳಗೆ ಹೋದಳು.

ಮೈಕಿಗೆ ಸ್ಟ್ಯಾಂಡಿರಲಿಲ್ಲ. ಗಿಡ್ಡಮ್ಮನ ವಾಕರನ್ನೇ ಅವಳ ಮುಂದೆ ನಿಲ್ಲಿಸಿ, ಅದರ ಅಡ್ಡ ಕಂಬಿಗೆ ಮೈಕನ್ನು ಹಳೆಯ ರವಿಕೆ ಕಣದಿಂದ ಕಟ್ಟಿದ. ಪಡಸಾಲೆಯ ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟ. ಒಳಕೋಣೆಯಲ್ಲಿ ಪೆಟ್ಟಿಗೆಯ ದನಿ ಲೆಕ್ಕವನ್ನು ನಲವತ್ನಾಲ್ಕಕ್ಕೆ ಇಟ್ಟ, ಕಂಪ್ಯೂಟರಿನದನ್ನೂ ನಲವತ್ನಾಲ್ಕಕ್ಕೆ ಇಟ್ಟ. ಎಲ್ಲ ಸಿದ್ಧವಾಯಿತೆಂದು ಬಂದು, ಪರೀಕ್ಷೆಗೆ ಒಂದು ಸಾಲು ಹೇಳಮ್ಮ ಎಂದ.

ಗಿಡ್ಡಮ್ಮ ಎದುರಿಗಿದ್ದ ಖಾಲಿ ನೆಲವನ್ನೇ ನೋಡುತ್ತ ಕೂತಳು.

“ಯಾರಿಗ್ಲಾ ಹೇಳ್ಲಿ? ಬರೀ ಗೋಡೆಗಾ? ಹಸೆ ಪದ ಹೇಳಾಕೆ ಹಸೆ ಮ್ಯಾಲೆ ಯಾರಾನಾ ಕೂತಿರ್ಬೇಕು ಕಣ್ಲಾ.”

ಇದು ಬರೀ ರೆಕಾರ್ಡಿಂಗ್ ಎಂದು ಮಗ ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ಖಾಲಿ ಮಣೆಗೆ ಪದ ಹೇಳಿದರೆ ಆ ಪದ ಹೋಗಿ ಯಾರ ಮೇಲೆ ಕೂರುತ್ತದೋ ಎಂಬುದು ಅವಳ ಚಿಂತೆ. ಇಷ್ಟರಲ್ಲಿ ಕಂಬಳಿ ಕಟ್ಟಿದ ಕಿಟಕಿ ನೋಡಿ, ಯಾರಿಗೋ ಸಿಡುಬಾಗಿದೆಯೆಂದು ತಿಳಿದು, ಎದುರು ಮನೆಯ ರುಕ್ಮಿಣಮ್ಮ ಬಂದರು. ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿ ನಿವೃತ್ತರಾದವರು. ಕೇಳದಿದ್ದರೂ ತೀರ್ಪು ಹೇಳುವ ಅಭ್ಯಾಸ ಇನ್ನೂ ನಿವೃತ್ತವಾಗಿರಲಿಲ್ಲ. ಅವರು ಎರಡೂ ಕಡೆಯ ವಾದ ಕೇಳಿ, ಗಿಡ್ಡಮ್ಮ ಹೇಳುವುದೇ ಸರಿ ಎಂದರು. ಮದುವೆಯಾಗದವರನ್ನು ಸುಮ್ಮನೆ ಹಸೆಗೆ ಕೂರಿಸುವ ಹಾಗಿಲ್ಲ. ಮದುವೆಯಾದ ಗಂಡಹೆಂಡತಿ ಎಷ್ಟು ಸಲ ಕೂತರೂ ನಷ್ಟವಿಲ್ಲ. “ನೀನು, ಯಶೋಧರಾ ಕೂತ್ಕೊಳ್ಳಿ ಕಣಪ್ಪ. ಹೆಂಗೂ ಇಬ್ರೂ ಮನೇಲೇ ಇದ್ದೀರಲ್ಲ.”

ಹೀಗೆ ಹದಿಹರೆಯದ ಮಗಳನ್ನು ಹಾಸ್ಟೆಲಿನಲ್ಲಿಟ್ಟು ಓದಿಸುತ್ತಿದ್ದ ದಂಪತಿ ಎರಡನೆಯ ಸಲ ಹಸೆಮಣೆ ಏರಿದರು. ರುಕ್ಮಿಣಮ್ಮ ಧರ್ಮೇಶನ ತಲೆಗೆ ಟವೆಲ್ ಸುತ್ತಿ, ಎರಡೂ ಕೈಗೆ ಎಲೆಯಡಿಕೆ ಇಟ್ಟ ತೆಂಗಿನಕಾಯಿ ಹಿಡಿಸಿದರು. ಆರತಿ ಆಗುವವರೆಗೆ ಏಳುವಂತಿಲ್ಲ, ಕಾಯಿ ಕೆಳಗಿಡುವಂತಿಲ್ಲ. ಆಗ ಧರ್ಮೇಶನಿಗೆ ಒಂದು ವಿಷಯ ತೋಚಿತು. ತಾನು ಇಲ್ಲಿ ಮದುಮಗನಾಗಿ ಕೂತರೆ ಒಳಗೆ ಕಂಪ್ಯೂಟರಿನ ಕೆಂಪು ಗುಂಡಿ ಒತ್ತುವವರು ಯಾರು?

ಆ ಪ್ರಶ್ನೆಗೆ ಉತ್ತರ ಬಾಗಿಲಲ್ಲೇ ನಿಂತಿತ್ತು. ಪಕ್ಕದ ಮನೆಯ ಬಸವಕುಮಾರ್, ಕೊಬ್ಬರಿ ವ್ಯಾಪಾರಿ, ಏನು ನಡೆದಿದೆಯೆಂದು ನೋಡಲು ಬಂದಿದ್ದ. ಮಠದ ಭಜನೆಗೆ ಮೈಕು ಹಚ್ಚುವವನು ತಾನೇ, ಇದ್ಯಾವ ಮಹಾ ಎಂದ. ಗುಂಡಿ ಒಂದನ್ನು ಬಿಟ್ಟು ಬೇರೇನನ್ನೂ ಮುಟ್ಟಬೇಡ ಎಂದು ಧರ್ಮೇಶ್ ಬೇಡಿಕೊಂಡ. ಬಸವಕುಮಾರ್ ಎದೆ ಮುಟ್ಟಿ ಒಪ್ಪಿಕೊಂಡು ಒಳಗೆ ಹೋದ.

ಗಿಡ್ಡಮ್ಮ ಹಾಡಿದಳು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಿಧಾನಕ್ಕೆ ನಡೆದು ಬರುವ ದನಿ ಅವಳದು. ಅಲ್ಲಲ್ಲಿ ಸ್ವಲ್ಪ ಚೆಲ್ಲುತ್ತದೆ, ಆದರೆ ಹೆಜ್ಜೆ ತಪ್ಪುವುದಿಲ್ಲ. ನಡುವೆ ಗೂಡ್ಸ್ ರೈಲು ಬಂತು. ಲೈನಿನ ಪಕ್ಕದಲ್ಲೇ ಬಾಳಿದವಳಾದ್ದರಿಂದ ಅರ್ಧ ಪದಕ್ಕೇ ನಿಲ್ಲಿಸಿ, ಕೊನೆಯ ಡಬ್ಬಿ ದಾಟಿದ ಮೇಲೆ ಅದೇ ಅಕ್ಷರದಿಂದ, ಅದೇ ಶ್ರುತಿಯಲ್ಲಿ ಮುಂದುವರಿಸಿದಳು. ಅಷ್ಟು ಹೊತ್ತೂ ರುಕ್ಮಿಣಮ್ಮ ಎತ್ತಿದ ಆರತಿ ತಟ್ಟೆಯನ್ನು ಗಾಳಿಯಲ್ಲೇ ಹಿಡಿದಿದ್ದರು. ಹಾಡು ಮುಗಿಯಿತು, ಆರತಿಯಾಯಿತು, ಧರ್ಮೇಶ್ ಟವೆಲ್ ಸಮೇತ ಒಳಗೆ ಓಡಿ ಹಾಡನ್ನು ಹಾಕಿದ.

ಸ್ಪೀಕರಿನಿಂದ ಗಂಡಸೊಬ್ಬ ಸೋಬಾನೆ ಹೇಳತೊಡಗಿದ.

ಭಾರವಾದ, ಎಳೆದೆಳೆದು ಬರುವ ದನಿ. ಗಿಡ್ಡಮ್ಮ ಸರಕ್ಕನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ರುಕ್ಮಿಣಮ್ಮ ಆರತಿ ತಟ್ಟೆ ಕೆಳಗಿಟ್ಟು ಧರ್ಮೇಶನ ಮುಖ ನೋಡಿದರು. ಅದು ರೈಲ್ವೆಯಲ್ಲಿ ಕೆಲಸ ಮಾಡಿ, ತೀರಿಕೊಂಡು ಎಷ್ಟೋ ವರ್ಷವಾಗಿದ್ದ ಗಿಡ್ಡಮ್ಮನ ಗಂಡ ಜವರಪ್ಪನ ದನಿಯಂತೆಯೇ ಇತ್ತು.

“ಇವರ್ಯಾವಾಗ ಸೋಬಾನೆ ಕಲ್ತಿದ್ದು? ಬದುಕಿದ್ದಾಗ ಒಂದು ಲಾಲಿ ಹಾಡು ಅಂದ್ರೆ ಆಗ್ತಿರ್ಲಿಲ್ಲ” ಎಂದು ಗಿಡ್ಡಮ್ಮ ಸೆರಗಿನೊಳಗಿಂದಲೇ ಕೇಳಿದಳು.

ಧರ್ಮೇಶ್ ಪೆಟ್ಟಿಗೆ ನೋಡಿದ. ನಲವತ್ತೆಂಟು ಎಂದು ತೋರಿಸುತ್ತಿತ್ತು. ವಿಚಾರಿಸಿದಾಗ ಬಸವಕುಮಾರ್ ಸಂಕೋಚವಿಲ್ಲದೆ ಒಪ್ಪಿಕೊಂಡ.

“ನಲವತ್ನಾಲ್ಕು ಅಂತಿತ್ತಣ್ಣ, ನಲವತ್ತೆಂಟು ಮಾಡ್ದೆ. ಹೆಣ್ಮಗಳ ಮದುವೆ, ತೂಕದಲ್ಲಿ ಕಮ್ಮಿ ಬೀಳಬಾರ್ದು ನೋಡು.”

ಧರ್ಮೇಶ್ ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡು ಪಾಠ ಮಾಡಿದ. ಪೆಟ್ಟಿಗೆ ದನಿಯನ್ನು ಸೆಕೆಂಡಿಗೆ ನಲವತ್ನಾಲ್ಕೋ ನಲವತ್ತೆಂಟೋ ಸಾವಿರ ಚೂರು ಮಾಡಿ ಕಳಿಸುತ್ತದೆ. ಕಂಪ್ಯೂಟರು ಸೆಕೆಂಡಿಗೆ ಅಷ್ಟೇ ಚೂರನ್ನು ಬಿಚ್ಚಿ ಹಾಡಾಗಿ ಜೋಡಿಸಬೇಕು. ಎರಡು ಕಡೆಯ ಲೆಕ್ಕವೂ ಒಂದೇ ಇರಬೇಕು. ಬಸವಕುಮಾರನಿಗೆ ಅದು ಕೊಬ್ಬರಿಯಲ್ಲಿ ತಕ್ಷಣ ಅರ್ಥವಾಯಿತು. ತಾನು ದಿನಕ್ಕೆ ನಲವತ್ತೆಂಟು ಚೀಲದಂತೆ ಲಾರಿಗೆ ತುಂಬಿದ್ದು, ಆ ಕಡೆಯವನು ದಿನಕ್ಕೆ ನಲವತ್ನಾಲ್ಕೇ ಇಳಿಸಿದರೆ, ಒಂದು ದಿನದ ಮಾಲು ಇಳಿಯುವುದಕ್ಕೆ ಮಾರನೆಯ ದಿನಕ್ಕೂ ಹೋಗುತ್ತದೆ. ಹಾಡು ಎಳೆದದ್ದು ಅದಕ್ಕೇ. ಅವನು ನಿಜವಾಗಿಯೂ ನೊಂದುಕೊಂಡ. ಆ ನೋವಿನಿಂದಲೇ ಮುಂದಿನ ಅನಾಹುತವಾಯಿತು.

ಏಕೆಂದರೆ ಧರ್ಮೇಶ್ ಯೋಚಿಸಿದ: ಪೆಟ್ಟಿಗೆ ಹೇಗೂ ನಲವತ್ತೆಂಟಕ್ಕೆ ಹೋಗಿದೆ, ಅದು ಇನ್ನೂ ಒಳ್ಳೆಯದೇ, ಕಂಪ್ಯೂಟರನ್ನೂ ನಲವತ್ತೆಂಟು ಮಾಡಿದರಾಯಿತು. ಹಾಗೆ ಮಾಡಿ, ಯಾರಿಗೂ ಹೇಳದೆ, ಟವೆಲ್ ಸುತ್ತಿಕೊಂಡು ಹೋಗಿ ಹಸೆಯ ಮೇಲೆ ಕೂತ. ಇತ್ತ ಒಂಟಿಯಾಗಿ ಒಳಗುಳಿದ ಬಸವಕುಮಾರ್ ಪೆಟ್ಟಿಗೆ ಇನ್ನೂ ನಲವತ್ತೆಂಟು ತೋರಿಸುವುದನ್ನು ನೋಡಿದ. ಪಾಪ, ಅಣ್ಣ ಸಿಟ್ಟಿನಲ್ಲಿ ಸರಿಮಾಡುವುದನ್ನೇ ಮರೆತಿದ್ದಾನೆ. ತಾನು ಕೆಡಿಸಿದ್ದನ್ನು ತಾನೇ ಸರಿಪಡಿಸಬೇಕು ಎಂದುಕೊಂಡು ಅದನ್ನು ನಲವತ್ನಾಲ್ಕಕ್ಕೆ ಇಳಿಸಿದ. ಆಮೇಲೆ ನೆಮ್ಮದಿಯಿಂದ ಕೆಂಪು ಗುಂಡಿ ಒತ್ತಿದ.

ಎರಡನೆಯ ಸಲದ ಹಸೆ ಮೊದಲಿನಷ್ಟು ಶಾಸ್ತ್ರೋಕ್ತವಾಗಿರಲಿಲ್ಲ. ಯಶೋಧರೆಯ ಕಾಲು ಜೋಮು ಹಿಡಿದಿತ್ತು. ಈ ಗಂಡನನ್ನು ಒಂದು ಜನ್ಮಕ್ಕೆ ಒಪ್ಪಿಕೊಂಡದ್ದೇ ಹೆಚ್ಚು, ಒಂದೇ ಬೆಳಿಗ್ಗೆ ಎರಡೆರಡು ಸಲ ಕಟ್ಟಿಕೊಳ್ಳಬೇಕಾಯಿತಲ್ಲ ಎಂದು ರುಕ್ಮಿಣಮ್ಮನವರ ಕಿವಿಯಲ್ಲಿ ಹೇಳಿದಳು. ಆದರೂ ಹಾಡಾಯಿತು, ಆರತಿಯಾಯಿತು. ಎಲ್ಲರೂ ಒಳಕೋಣೆಗೆ ಬಂದು ನಿಂತರು. ಗಿಡ್ಡಮ್ಮ ಮೈಕು ಕಟ್ಟಿದ ವಾಕರನ್ನೇ ತಳ್ಳಿಕೊಂಡು ಬಂದು ಕುರ್ಚಿಯಲ್ಲಿ ಕೂತಳು.

ಧರ್ಮೇಶ್ ಹಾಡು ಹಾಕಿದ. ಒಬ್ಬ ಹುಡುಗಿ ಹಾಡಿದಳು.

ಹಗುರವಾದ ದನಿ, ತುಂಬಿದ ಕೊಡ ಹೊತ್ತವಳಲ್ಲ, ಖಾಲಿ ಕೊಡ ಹಿಡಿದುಕೊಂಡು ಬಾವಿಯ ಕಡೆಗೆ ಓಡುವವಳು. ಹಾಡೂ ಸ್ವಲ್ಪ ಅವಸರದಲ್ಲಿತ್ತು. ಪೆಟ್ಟಿಗೆಯ ಕಡೆ ನೋಡಿದ ಕೂಡಲೇ ಧರ್ಮೇಶನಿಗೆ ಏನಾಗಿದೆಯೆಂದು ತಿಳಿಯಿತು. ಈ ಸಲ ಕಮ್ಮಿ ಚೀಲ ತುಂಬಿ ಹೆಚ್ಚು ಚೀಲ ಇಳಿಸಲಾಗಿತ್ತು, ಲಾರಿ ಹೊತ್ತಿಗೆ ಮುಂಚೆಯೇ ಖಾಲಿಯಾಗುತ್ತಿತ್ತು. ಅವನು ನಿಲ್ಲಿಸಲು ಕೈ ಚಾಚಿದಾಗ ಗಿಡ್ಡಮ್ಮ ಆ ಕೈ ಹಿಡಿದುಕೊಂಡಳು. ಹಾಡು ಪೂರ್ತಿ ಮುಗಿಯುವವರೆಗೆ ಬಿಡಲಿಲ್ಲ.

“ಇದು ನಾನು ಕಣ್ಲಾ” ಎಂದಳು ಆಮೇಲೆ. “ನಮ್ಮೂರು ಕಣಕಟ್ಟೇಲಿ ನಮ್ಮಕ್ಕನ ಮದುವೇಲಿ ಹೇಳ್ದಾಗ ಹಿಂಗೇ ಇತ್ತು. ಗಂಡಿನ ಕಡೆಯೋರು ಯಾರೀ ಹುಡುಗಿ ಅಂತ ಕೇಳಿದ್ರು. ಹಂಗೇ ನಿಮ್ಮಪ್ಪನ ಮನೆಗೆ ಬಂದಿದ್ದು ನಾನು.”

ಅವಳ ಮುಖ ನೋಡಿ ರುಕ್ಮಿಣಮ್ಮ ಕೂಡ ತೀರ್ಪು ಕೊಡುವುದನ್ನು ಮರೆತರು. ಧರ್ಮೇಶ್ ಮಾತ್ರ ಗ್ರಂಥಪಾಲಕ. ತಪ್ಪು ಕಪಾಟಿನಲ್ಲಿ ಕೂತ ಪುಸ್ತಕವನ್ನು ನೋಡಿಕೊಂಡು ಸುಮ್ಮನಿರುವುದು ಅವನಿಂದ ಆಗುವುದಿಲ್ಲ. ಇದು ಯಂತ್ರದ ತಪ್ಪು, ಇಂದುವಿಗೆ ಅಜ್ಜಿಯ ನಿಜವಾದ ದನಿಯನ್ನೇ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದು ಹೇಳಿ, ಎಲ್ಲರೆದುರಿಗೇ ಆ ಹುಡುಗಿಯನ್ನು ಅಳಿಸಿಹಾಕಿದ. ಇನ್ನೂ ಚೆನ್ನಾಗಿ ಬರುತ್ತದೆ ಎಂದು ಮಗ ಹೇಳುತ್ತಿದ್ದಾನೆಂದೇ ಗಿಡ್ಡಮ್ಮ ತಿಳಿದಿದ್ದಳು.

ಮೂರನೆಯ ಸಲಕ್ಕೆ ಬಸವಕುಮಾರನನ್ನು ಒಳಕೋಣೆಯಿಂದ ಹೊರಡಿಸಿ, ಸೋಬಾನೆಗೆ ‘ಸೋ’ ಎನ್ನುವ ಹೆಂಗಸರ ಜಾಗದಲ್ಲಿ, ರುಕ್ಮಿಣಮ್ಮನವರ ಪಕ್ಕ ಕೂರಿಸಲಾಯಿತು. ಧರ್ಮೇಶ್ ಎರಡೂ ಕಡೆಯ ಲೆಕ್ಕವನ್ನು ಒಂದು ಮಾಡಿ, ಕೆಂಪು ಗುಂಡಿಯನ್ನು ತಾನೇ ಒತ್ತಿ, ಓಡಿ ಬಂದು ಹಸೆಯ ಮೇಲೆ ಕೂತ. ಮೊದಲಿನ ಮೌನವನ್ನು ಆಮೇಲೆ ಕತ್ತರಿಸಿದರಾಯಿತು ಎಂದ.

“ಇದನ್ನ ಬೆಳಿಗ್ಗೇನೇ ಮಾಡ್ಬಹುದಿತ್ತಲ್ಲಪ್ಪ” ಎಂದರು ರುಕ್ಮಿಣಮ್ಮ. ಧರ್ಮೇಶ್ ಕಾಯಿಯನ್ನು ನೋಡುತ್ತ ಕೂತ.

ಈ ಸಲ ಒಂದು ತಪ್ಪೂ ಆಗಲಿಲ್ಲ. ರೈಲೂ ಬರಲಿಲ್ಲ. ಊಟವಿಲ್ಲದ ಹೊಟ್ಟೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೇಳಿದಾಗ ಧರ್ಮೇಶನಿಗೆ ಮೈ ಜುಮ್ಮೆಂದಿತು. ಅಮ್ಮ ಉಸಿರೆಳೆದುಕೊಳ್ಳುವುದು, ಬಳೆ ವಾಕರಿನ ಕಂಬಿಗೆ ತಾಕುವುದು, ಪದದ ಕೊನೆಯಲ್ಲಿ ದನಿ ಒಂದಿಷ್ಟು ನಡುಗಿ ಮತ್ತೆ ನಿಲ್ಲುವುದು, ಎಲ್ಲವೂ ಇತ್ತು. ಕಣ್ಣು ಮುಚ್ಚಿದರೆ ಅಮ್ಮ ಪಕ್ಕದಲ್ಲೇ. ಮರೆಗುಳಿ ಕೇಳಿದ್ದನ್ನು ಕೇಳಿದ ಹಾಗೆ ಹೇಳಿತ್ತು, ಕಿವುಡ ಹೇಳಿದ್ದನ್ನು ಹೇಳಿದ ಹಾಗೆ ನೆನಪಿಟ್ಟಿತ್ತು. ಅಟ್ಟದಲ್ಲಿ ಮಲಗಿದ್ದ ಪೆಟ್ಟಿಗೆಯ ಜನ್ಮ ಸಾರ್ಥಕವಾಗಿತ್ತು.

“ಯಾರಿದು ಮುದುಕಿ?” ಎಂದಳು ಗಿಡ್ಡಮ್ಮ.

“ನೀನೇ ಅಮ್ಮ.”

“ನಾನಲ್ಲ. ಆಗ್ಲೇ ಬಂದಿದ್ದು ನಾನು. ಇದ್ಯಾರೋ ಹಲ್ಲಿಲ್ದೋಳು. ನಿನ್ನ ಪೆಟ್ಗೆ ಕೆಟ್ಟೈತೆ ನೋಡು.”

ಧರ್ಮೇಶ್ ಮತ್ತೆ ಪಾಠ ಶುರುಮಾಡಿದ. ಬಸವಕುಮಾರ್ ಕೊಬ್ಬರಿ ಚೀಲದ ಉದಾಹರಣೆ ಕೊಟ್ಟು ಸಹಾಯಕ್ಕೆ ಬಂದ. ಏನು ಹೇಳಿದರೂ ಗಿಡ್ಡಮ್ಮನದು ಒಂದೇ ಮಾತು: ಮೊಮ್ಮಗಳ ಹಸೆಗೆ ಆ ಮುದುಕಿಯ ದನಿ ಹೋಗಕೂಡದು, ಶುಭಕಾರ್ಯದಲ್ಲಿ ಯಾರೋ ನರಳಿದ ಹಾಗಿದೆ. ರುಕ್ಮಿಣಮ್ಮನೂ ಯೋಚಿಸಿ, ಹಾಡಿದವರಿಗೆ ಒಪ್ಪಿಗೆಯಿಲ್ಲದ್ದನ್ನು ಕಳಿಸುವುದು ನ್ಯಾಯವಲ್ಲ ಎಂದರು. ಆ ಹುಡುಗಿಯನ್ನು ವಾಪಸು ಕರೆಸು ಎಂದಳು ಗಿಡ್ಡಮ್ಮ. ಅಳಿಸಿಯಾಯಿತಲ್ಲ ಎಂದ ಮಗ. ಹಾಗಾದರೆ ಇನ್ನೊಂದು ಸಲ ಕೂತುಕೊಳ್ಳಿ ಎಂದು ರುಕ್ಮಿಣಮ್ಮ ಟವೆಲಿಗೆ ಕೈ ಹಾಕಿದರು. ಇನ್ನೊಂದು ಸಲ ಹಸೆಗೆ ಕೂರುವುದಾದರೆ ಬೇರೆ ಗಂಡನ್ನು ನೋಡಿ ಎಂದು ಯಶೋಧರಾ ಖಡಾಖಂಡಿತವಾಗಿ ಹೇಳಿ ಒಲೆಯ ಮುಂದೆ ಹೋಗಿ ನಿಂತಳು.

ಉಳಿದದ್ದು ಒಂದೇ ದಾರಿ. ಅರ್ಧ ದಿನ ಒದ್ದಾಡಿ ಸರಿಪಡಿಸಿದ್ದನ್ನು ಧರ್ಮೇಶ್ ಈಗ ತನ್ನ ಕೈಯಾರೆ ಕೆಡಿಸಬೇಕಾಗಿತ್ತು. ಸರಿಯಾದ ಹಾಡಿಗೆ ತಪ್ಪು ಲೆಕ್ಕದ ಚೀಟಿ ಅಂಟಿಸಿ ಕಂಪ್ಯೂಟರಿಗೆ ಸುಳ್ಳು ಹೇಳಬೇಕು. ಕೆಡಿಸುವುದಕ್ಕೂ ಅಭ್ಯಾಸ ಬೇಕು; ಮೊದಲ ಸಲ ಲೆಕ್ಕ ಹಿಂದುಮುಂದಾಗಿ ಮತ್ತೆ ಜವರಪ್ಪನೇ ಬಂದು ಹಾಡಿಹೋದ, ಗಿಡ್ಡಮ್ಮ ಮತ್ತೆ ಸೆರಗೆಳೆದುಕೊಂಡಳು. ಎರಡನೆಯ ಸಲ ಹುಡುಗಿ ಬಂದಳು. ಗಿಡ್ಡಮ್ಮನ ಮುಖ ಅರಳಿತು. ಮುದುಕಿಯದು ಎಲ್ಲಾದರೂ ಉಳಿದಿದ್ದರೆ ಅಪ್ಪಿತಪ್ಪಿ ಅದೇ ಹೋಗಿಬಿಟ್ಟೀತೆಂದು, ಅದನ್ನು ತನ್ನ ಕಣ್ಣೆದುರಿಗೇ ತೆಗೆಸಿಹಾಕಿದಳು. ಧರ್ಮೇಶ್ ಹುಡುಗಿಯನ್ನು ಇಂದುವಿನ ಫೋನಿಗೆ ಕಳಿಸಿದ. ತಲುಪಿತೆಂದು ಎರಡು ಗೀಟು ಬರುವವರೆಗೂ ತಾಯಿ ಪಕ್ಕದಲ್ಲೇ ಕಾವಲಿದ್ದಳು.

ಅಂತೂ ಮಾತು ಉಳಿಯಿತೆಂದು ಧರ್ಮೇಶ್ ತಟ್ಟೆಯ ಮುಂದೆ ಕೂತ. ಮುದ್ದೆ ಮುರಿಯುವ ಹೊತ್ತಿಗೆ ಫೋನು ಬಂತು, ಕೈ ಎಂಜಲೆಂದು ಸ್ಪೀಕರಿಗೆ ಹಾಕಿದ. ಮಾತಾಡಿದವಳು ಇಂದು ಅಲ್ಲ, ಅಕ್ಕ.

ಅಕ್ಕ ಅಳುತ್ತಿದ್ದಳೋ ಬೈಯುತ್ತಿದ್ದಳೋ ಮೊದಲಿಗೆ ತಿಳಿಯಲಿಲ್ಲ. ಆಮೇಲೆ ಎರಡೂ ಒಟ್ಟಿಗೆ ಎಂದು ತಿಳಿಯಿತು. ಹಾಡನ್ನು ಛತ್ರದ ಸ್ಪೀಕರಿಗೆ ಹಾಕಿದ್ದರಂತೆ. ಬೀಗರೆಲ್ಲ ಕೆಲಸ ಬಿಟ್ಟು ಬಂದು ನಿಂತು ಕೇಳಿದರಂತೆ. ಇಷ್ಟು ಗಟ್ಟಿಮುಟ್ಟಾದ ಅಜ್ಜಿಯನ್ನು ಮದುವೆಗೆ ಯಾಕೆ ಕರೆಸಲಿಲ್ಲ, ಮನೆಯಲ್ಲೇನಾದರೂ ಮನಸ್ತಾಪವೇ ಎಂದು ಗಂಡಿನ ತಾಯಿ ಕೇಳಿದರಂತೆ.

“ಅಮ್ಮಂಗೆ ಹುಷಾರಿಲ್ಲ, ಡಾಕ್ಟ್ರು ಬೇಡ ಅಂದ್ರು ಅಂತ ನನ್ ಹತ್ರ ಸುಳ್ಳು ಹೇಳಿದ್ಯಲ್ಲೋ ಧರ್ಮ. ಹದಿನೆಂಟರ ಹುಡುಗಿ ಹಂಗೆ ಹಾಡ್ತಿದಾಳೆ ಅವಳು. ಇಂದು ಹಟ ಹಿಡಿದು ಕೂತಿದಾಳೆ. ಹಾಡು ಬೇಡ, ಅಜ್ಜೀನೇ ಬರ್ಬೇಕಂತೆ. ಬಂದ್ರೇನೇ ಹಸೆ.”

ಧರ್ಮೇಶ್ ತಾಯಿಯ ಮುಖ ನೋಡಿದ. ಬೇಡವೆಂದದ್ದು ಡಾಕ್ಟರಲ್ಲ, ನಾನು ಎಂದು ಅವಳೊಂದು ಮಾತು ಹೇಳಿದರೆ ಸಾಕಿತ್ತು. ಆದರೆ ಅವಳಿಗೆ ಕೇಳಿಸಿದ್ದು ಹದಿನೆಂಟರ ಹುಡುಗಿ ಎಂಬುದೊಂದೇ.

“ನಡೀಲಾ, ಹೋಗಣ” ಎಂದು ಗಿಡ್ಡಮ್ಮ ವಾಕರಿಗೆ ಕಟ್ಟಿದ್ದ ಮೈಕನ್ನು ತಾನೇ ಬಿಚ್ಚಿ ಮಗನ ಕೈಗೆ ಕೊಟ್ಟಳು. “ಅಷ್ಟು ಜನ ಕೇಳ್ತಾವ್ರೆ ಅಂದ್ಮೇಲೆ ಬತ್ತೀನಿ.”

ಕಾರು ಹುಡುಕುವ ಕಷ್ಟವೂ ಬರಲಿಲ್ಲ. ಬಸವಕುಮಾರ್ ಆಗಲೇ ತನ್ನ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿ ಗಿಡ್ಡಮ್ಮ ಆಪರೇಷನ್ ಆದ ಕಾಲು ನೀಡಿಕೊಂಡು ಕೂತಳು. ಆ ಕಾಲು ಧರ್ಮೇಶನ ತೊಡೆಯ ಮೇಲೆ, ವಾಕರು ಅವನ ಎದೆಯ ಮೇಲೆ. ಮುಂದೆ ರುಕ್ಮಿಣಮ್ಮ. ಇಷ್ಟೆಲ್ಲ ಆದ ಮೇಲೆ ಮುಗಿಯುವುದನ್ನು ನೋಡದಿದ್ದರೆ ಹೇಗೆ ಎಂಬುದು ಅವರ ನ್ಯಾಯ. ಜಾಗವಿಲ್ಲದ ಯಶೋಧರಾ, ನಾಳೆ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆಂದು ಸಂತೋಷದಿಂದ ಬಾಗಿಲು ಹಾಕಿಕೊಂಡಳು.

ಸೆಕೆಯೆಂದು ಗಿಡ್ಡಮ್ಮನೇ ಕಿಟಕಿಯ ಗಾಜು ಇಳಿಸಲು ಹೇಳಿದಳು. ಹಾರನಹಳ್ಳಿ ಕಡೆಯಿಂದ ಹೋಗೋಣವೇ, ಜಾವಗಲ್ ಕಡೆಯಿಂದ ಹೋಗೋಣವೇ ಎಂದು ಮುಂದಿನ ಸೀಟಿನಲ್ಲಿ ಚರ್ಚೆಯಾಗಿ, ಜಾವಗಲ್ ಗೆದ್ದಿತು. ದಾರಿಯುದ್ದಕ್ಕೂ ಗಿಡ್ಡಮ್ಮ ಅಭ್ಯಾಸವೆಂದು ಹಾಡಿದಳು, ಬಸವಕುಮಾರ್ ಸ್ಟೇರಿಂಗ್ ತಟ್ಟಿ ‘ಸೋ’ ಎಂದ. ಹಳೇಬೀಡಿನ ಕೆರೆ ಏರಿಯ ಮೇಲೆ ತಣ್ಣನೆ ಗಾಳಿ ಬೀಸಿದಾಗ ಗಾಜು ಏರಿಸಲೇ ಎಂದು ಧರ್ಮೇಶ್ ಕೇಳಿದ. ಹಂಗೇ ಇರಲಿ, ಹಿತವಾಗಿದೆ ಎಂದಳು ತಾಯಿ.

ಛತ್ರದಲ್ಲಿ ದೀಪ ಹಚ್ಚುವ ಹೊತ್ತಿಗೆ ಗಿಡ್ಡಮ್ಮ ಬಂದಿಳಿದಳು. ಏಡಿಯಂತೆ ಅಲ್ಲ, ವಾಕರನ್ನು ಪಲ್ಲಕ್ಕಿಯ ಹಾಗೆ ಮುಂದೆ ಬಿಟ್ಟುಕೊಂಡು ಬಂದಳು. ಬೀಗರು ಎದ್ದುನಿಂತರು. ಇಂದು ಅರಿಶಿನದ ಸೀರೆಯಲ್ಲಿ ಓಡಿ ಬಂದು ಅಜ್ಜಿಯನ್ನು ತಬ್ಬಿಕೊಂಡು, ಮರುಮಾತಿಲ್ಲದೆ ಹೋಗಿ ಹಸೆಮಣೆಯ ಮೇಲೆ ಕೂತಳು. ಗಿಡ್ಡಮ್ಮ ಕುರ್ಚಿಯಲ್ಲಿ ಸರಿಯಾಗಿ ಕೂತು, ಮೊದಲ ಪದ ಎತ್ತಿದಳು.

ಮಧ್ಯಾಹ್ನ ಅಳಿಸಿಹಾಕಿದ ಮುದುಕಿಯ ದನಿಯೇ ಅದು. ಅದೇ ಉಸಿರು, ಅದೇ ಬಳೆಯ ಸದ್ದು, ಪದದ ಕೊನೆಯಲ್ಲಿ ಅದೇ ನಡುಕ. ಕಂಬಕ್ಕೊರಗಿ ಕೇಳುತ್ತಿದ್ದ ಧರ್ಮೇಶನಿಗೆ ತಾನು ಹಿಡಿದದ್ದು ಎಷ್ಟು ಕರಾರುವಾಕ್ಕಾಗಿತ್ತೆಂದು ಹೆಮ್ಮೆಯಾಯಿತು. ಜನ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮೊದಲ ಪದ ಮುಗಿಯುತ್ತಲೇ ಅಕ್ಕ ನೇರವಾಗಿ ಕಂಬದ ಹತ್ತಿರ ಬಂದಳು.

“ಏನೋ ಮಾಡ್ದೆ ಅಮ್ಮಂಗೆ? ಮಧ್ಯಾಹ್ನ ಹೆಂಗಿತ್ತು ದನಿ, ಈಗ ಹೆಂಗಾಗಿದೆ? ಕಿಟಕಿ ತೆಗೆದು ಕರ್ಕೊಂಡ್ ಬಂದ್ಯಾ?”

ಧರ್ಮೇಶ್ ನಲವತ್ನಾಲ್ಕು ಎಂದು ಬಾಯಿ ತೆಗೆಯುವಷ್ಟರಲ್ಲಿ ಗಿಡ್ಡಮ್ಮ ಕುರ್ಚಿಯಿಂದಲೇ ಗಂಟಲು ಮುಟ್ಟಿಕೊಂಡು ನೋಡಿದಳು. ಅವಳಿಗೂ ಆಶ್ಚರ್ಯವಾಗಿತ್ತು.

“ಗಾಳಿ ಹೊಡೀತು ಕಣವ್ವ. ಕೆರೆ ಏರಿ ಮ್ಯಾಲೆ ಗಾಜು ಏರ್ಸೋಕೆ ಏನಾಗಿತ್ತು ಇವನಿಗೆ? ಪಕ್ಕದಾಗೇ ಕೂತಿದ್ದ.”

ರುಕ್ಮಿಣಮ್ಮ, ವಯಸ್ಸಾದವರನ್ನು ಕರೆತರುವಾಗ ಕಿವಿಗೆ ಹತ್ತಿ ಇಡಬೇಕಿತ್ತು ಎಂದು ತೀರ್ಪಿತ್ತರು. ಹಳೇಬೀಡಿನ ಗಾಳಿ ಕೊಬ್ಬರಿಗೇ ಬೂಸಲು ಹಿಡಿಸುತ್ತದೆ, ಗಂಟಲು ಯಾವ ಲೆಕ್ಕ ಎಂದ ಬಸವಕುಮಾರ್. ಗಂಡಿನ ತಾಯಿ ಧರ್ಮೇಶನನ್ನು ಒಂದು ಸಲ ನೋಡಿ ನಿಟ್ಟುಸಿರು ಬಿಟ್ಟರು. ತಡವಾಗಿ ಬಂದ ನೆಂಟರಿಗೆ ಅಕ್ಕ ಫೋನು ತೆಗೆದು ಹುಡುಗಿಯ ಹಾಡು ಕೇಳಿಸಿದಳು. ಈಗ ಹಾಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇದು ಅಮ್ಮನ ನಿಜವಾದ ದನಿ ಎಂದಳು. ಗಿಡ್ಡಮ್ಮ ತಲೆಯಾಡಿಸುತ್ತ ಕೇಳಿದಳು.

ಧರ್ಮೇಶನನ್ನು ಬಿಸಿನೀರು ತರಲು ಅಡಿಗೆಮನೆಗೆ ಅಟ್ಟಲಾಯಿತು. ಅವನು ಲೋಟ ಹಿಡಿದು ಬರುವಾಗ ಗಿಡ್ಡಮ್ಮ ಕೊನೆಯ ಆರತಿಯ ಪದ ಹೇಳುತ್ತಿದ್ದಳು. ಅಕ್ಕ ಲೋಟ ತೆಗೆದುಕೊಂಡು, ಸಿಟ್ಟು ಇಳಿದ ದನಿಯಲ್ಲಿ ತಮ್ಮನ ಕಿವಿಯ ಹತ್ತಿರ ಬಂದಳು.

“ನೋಡು, ಮುಂದಿನ ತಿಂಗಳು ನಮ್ಮ ಮೈದುನನ ಮಗಳ ಹಸೆ ಇದೆ. ಅಮ್ಮನ್ನ ಹಿಂಗೆ ಎಳ್ಕೊಂಡು ಬರಕ್ಕೆ ಹೋಗ್ಬೇಡ. ಮಧ್ಯಾಹ್ನದ ಹಂಗೆ ಮನೇಲೇ ಹಾಡ್ಸಿ ಕಳ್ಸು. ಹಸೆಗೆ ನೀನು, ಯಶೋಧರಾ ಕೂತಿದ್ರಂತಲ್ಲ, ರುಕ್ಮಿಣಮ್ಮ ಹೇಳಿದ್ರು, ಹಂಗೇ ಕೂತ್ಕೊಂಡ್ರಾಯ್ತು.”

ಧರ್ಮೇಶ್ ಆಗಲಿ ಎಂದ. ಅಷ್ಟರಲ್ಲಿ ಪದ ಮುಗಿಯಿತು. ಆರತಿ ತಟ್ಟೆ ಇಳಿಯಿತು, ಇಂದು ಅಜ್ಜಿಯ ಕಾಲು ಮುಟ್ಟಿ ಹಸೆಯಿಂದ ಎದ್ದಳು.